ನೀಲಮಳ ತಾಟು

ಹೊಸ ಪ್ಲಾಟಿನಲ್ಲಿ ನಮ್ಮದು ಕೊನೆಯ ಸಾಲಿನ ಮನೆ. ಚಿಕ್ಕೋಡಿ ಬಸ್ ಸ್ಟ್ಯಾಂಡಿನಿಂದ ಇಲ್ಲಿಗೆ ಬರಲು ರಿಕ್ಷಾದವರು ಗೊಣಗುತ್ತಾರೆ. ಮರಳಿ ಹೋಗುವಾಗ ಅವರಿಗೆ ಇಲ್ಲಿ ಒಬ್ಬರೂ ಸಿಗುವುದಿಲ್ಲ. ಹಿತ್ತಿಲ ಗೋಡೆಯ ಆಚೆ ಕಬ್ಬು, ಕಬ್ಬಿನ ನಡುವೆ ಎತ್ತರದ ಒಂದು ನೀರಿನ ಟಾಕಿ, ಅದರಾಚೆ ಮತ್ತೆ ಕಬ್ಬು. ಬೆಳಿಗ್ಗೆ ಹಾಲಿನವನು ಬರುತ್ತಾನೆ. ಎಂಟಕ್ಕೆ ಶಾಲೆಯ ವ್ಯಾನು, ಹನ್ನೊಂದಕ್ಕೆ ಕಸದ ಗಾಡಿಯ ಹಾಡು. ಆಮೇಲೆ ಸಂಜೆಯವರೆಗೆ ಯಾರ ಮನೆಯ ಕುಕ್ಕರ್ ಎಷ್ಟು ಸೀಟಿ ಹೊಡೆಯಿತೆಂದು ಕೂತಲ್ಲೇ ಹೇಳಬಹುದು. ಗೇಟುಗಳು ಮುಚ್ಚಿರುತ್ತವೆ. ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಏನಾದರೂ ಬೇಕಾದರೆ ಫೋನ್ ಮಾಡುತ್ತಾರೆ, ಪಕ್ಕದ ಮನೆಯವರಾದರೂ.

ನನ್ನ ಗಂಡ ಮಾಳೇಶ ಕಾಲೇಜಿನ ಪ್ರಯೋಗಾಲಯದಲ್ಲಿ ಅಟೆಂಡರ್. ಅವರ ಮನೆಯವರು ಕೊಗನೊಳ್ಳಿ ಕಡೆಯ ಕುರಿ ಕಾಯುವ ಮಂದಿ. ಮಾಳೇಶ ತಮ್ಮ ಪಾಲಿನ ಕುರಿ ಮಾರಿ, ಮೇಲೆ ಸಾಲ ತೆಗೆದು ಈ ಜಾಗ ಹಿಡಿದರು. ಬಂದ ಹೊಸದರಲ್ಲಿ ಅವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದರು. "ಇಲ್ಲೆ ಜ್ವಾಕಿಲೆ ಇರಬೇಕು. ಕುರಿ ಮಂದಿ ಬಂದರು, ಗದ್ದಲ ತಂದರು ಅನ್ನಿಸ್ಕೋಬಾರದು." ನಾವು ಜೋಪಾನವಾಗಿಯೇ ಇದ್ದೆವು. ಟಿ.ವಿ. ಸಣ್ಣಗೆ ಹಚ್ಚುತ್ತಿದ್ದೆವು. ಊರಿಂದ ಬಂದ ಮೈದುನನಿಗೂ ಮೆಲ್ಲಗೆ ಮಾತಾಡೆಂದು ಹೇಳಿದ್ದೆವು. ನಮ್ಮ ಮನೆಯಿಂದ ಹೊರಗೆ ಕೇಳುತ್ತಿದ್ದ ಸದ್ದು ಒಂದೇ, ಅದು ನಮ್ಮ ಮಗಳು ನೀಲಮಳ ತಾಟಿನದು.

ನೀಲಮಳಿಗೆ ಒಂಬತ್ತು ವರ್ಷ. ಮಾತು ಬಂದಿಲ್ಲ. ಬೆಳಗಾವಿಯ ಡಾಕ್ಟರು ಅವಳಿಗಿರುವುದಕ್ಕೆ ಒಂದು ಹೆಸರು ಹೇಳಿ, ಇದು ರೋಗವಲ್ಲ, ಅವಳು ಇರುವುದೇ ಹೀಗೆ ಎಂದಿದ್ದರು. ಕರೆದರೆ ತಿರುಗುವುದಿಲ್ಲ, ಆದರೆ ಬೇಳೆ ಡಬ್ಬಿಯನ್ನು ಒಂದು ಬೆರಳಷ್ಟು ಸರಿಸಿಟ್ಟರೂ ಬಂದು ಮೊದಲಿನ ಜಾಗಕ್ಕೆ ಇಡುತ್ತಾಳೆ. ಊರಲ್ಲಿ ನನ್ನ ಅತ್ತೆ ತಾರವ್ವ ದಿನಾ ಸಂಜೆ ಹಟ್ಟಿಯ ನಾಯಿಗಳಿಗೆ ರೊಟ್ಟಿ ಹಾಕುವ ಮುಂಚೆ ಒಂದು ಹಿತ್ತಾಳೆ ತಾಟು ಬಡಿಯುತ್ತಿದ್ದರು. ಹೊಲದಾಚೆ ಎಲ್ಲಿದ್ದರೂ ನಾಯಿಗಳು ಬರುತ್ತಿದ್ದವು. ನೀಲಮ ಅತ್ತೆಯ ಮಗ್ಗುಲಲ್ಲಿ ಕೂತು ನೋಡುತ್ತಿದ್ದಳು. ನಾವು ಇಲ್ಲಿಗೆ ಹೊರಟ ದಿನ ಅವಳು ಆ ತಾಟನ್ನು ಎದೆಗೆ ಅವುಚಿಕೊಂಡು ಬಿಡಲೇ ಇಲ್ಲ. "ಒಯ್ಯಲಿ ಬಿಡು, ನಾಯಿಗೆ ಇನ್ನೊಂದ ತಾಟ ಸಿಗತೈತಿ" ಎಂದರು ಅತ್ತೆ.

ಇಲ್ಲಿ ನಾಯಿಗಳಿರಲಿಲ್ಲ. ಆದರೂ ಸೂರ್ಯ ನೀರಿನ ಟಾಕಿಯ ಎತ್ತರಕ್ಕೆ ಇಳಿದ ಕೂಡಲೇ ಅವಳು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಚಮಚದಿಂದ ತಾಟು ಬಡಿಯಲು ತೊಡಗುತ್ತಿದ್ದಳು. ಮೊದಲು ಒಂದು ಏಟು. ಬಹಳ ಹೊತ್ತು ಬಿಟ್ಟು ಇನ್ನೊಂದು. ಸೂರ್ಯ ಇಳಿದಂತೆ ಏಟುಗಳು ಹತ್ತಿರವಾಗುತ್ತಿದ್ದವು. ಕೆಂಪು ಅಂಚು ಕಬ್ಬಿನಲ್ಲಿ ಪೂರ್ತಿ ಅಡಗಿದಾಗ ಕೈ ನಿಲ್ಲುತ್ತಿತ್ತು. ಒಟ್ಟು ಅರ್ಧ ತಾಸಿನ ಮೇಲೆ ಒಂದೆರಡು ನಿಮಿಷ. ಮೋಡ ಕವಿದ ದಿನವೂ ತಪ್ಪುತ್ತಿರಲಿಲ್ಲ. ಅವಳಿಗೆ ಹೇಗೆ ತಿಳಿಯುತ್ತಿತ್ತೋ ನನಗೆ ಗೊತ್ತಿಲ್ಲ. ನಿಂತ ಮೇಲೆ ತಾಟನ್ನು ತೊಳೆದು, ಬೋರಲು ಹಾಕಿ, ಒಳಗೆ ಬಂದು ನನ್ನ ಸೆರಗಿಗೆ ಕೈ ಒರೆಸುತ್ತಿದ್ದಳು. ದಿನದಲ್ಲಿ ಅವಳಾಗಿಯೇ ನನ್ನನ್ನು ಮುಟ್ಟುತ್ತಿದ್ದುದು ಆಗ ಮಾತ್ರ.

ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಮನಿಷಾ ವೈನಿಯದು. ಜೈನರ ಮನೆ. ಗಂಡ ವೃಷಭ ಅವರ ಅಂಗಡಿ ನಿಪ್ಪಾಣಿಯಲ್ಲಿದೆ, ಬರುವುದು ತಡ. ಮನಿಷಾ ವೈನಿ ಹೈಸ್ಕೂಲಿನಲ್ಲಿ ಮರಾಠಿ ಕಲಿಸುತ್ತಾರೆ. ಮಗಳು ಅಪೂರ್ವ ಪಿ.ಯು. ಎರಡನೇ ವರ್ಷ. ಕೆಳಗಿನ ಕೋಣೆಯಲ್ಲಿ ಮಾವ ಜಿನ್ನಪ್ಪಜ್ಜ ಇರುತ್ತಾರೆ. ಎಂಬತ್ತು ದಾಟಿದವರು, ಕಾಚಬಿಂದು ಎಂಬ ಕಣ್ಣಿನ ರೋಗದಿಂದ ಎರಡೂ ಕಣ್ಣು ಹೋಗಿವೆ. ನಮ್ಮ ಅಡುಗೆಮನೆಯಲ್ಲಿ ಮಾಂಸ ಬೇಯುವುದರಿಂದ ಬೇಯಿಸಿದ್ದನ್ನು ನಾನು ಅವರಿಗೆ ಕೊಡುವುದಿಲ್ಲ. ಲಿಂಬೆಹಣ್ಣು, ಕರಿಬೇವು ಕೊಡುತ್ತೇನೆ. ಅವರು ಶೇಂಗಾ ಹೋಳಿಗೆ ಕಳಿಸುತ್ತಾರೆ. ಇದರಲ್ಲಿ ಯಾರಿಗೂ ಬೇಸರವಿಲ್ಲ.

ಫೆಬ್ರವರಿ ಮೊದಲ ವಾರ ಮನಿಷಾ ವೈನಿ ಗೇಟಿನ ಹತ್ತಿರ ಬಂದು ನಿಂತರು. ಕೈಯಲ್ಲಿ ಏನೂ ಇರಲಿಲ್ಲ. ಹಾಗೆ ಬರಿಗೈಯಲ್ಲಿ ಬಂದಾಗಲೇ ಏನೋ ಇದೆ ಎನ್ನಿಸಿತು.

"ಲಗಮಾ ವೈನಿ, ಸಿಟ್ಟಿಗೇಳಬ್ಯಾಡ್ರಿ. ಒಂದ ಮಾತ ಕೇಳೂದಿತ್ತು."

"ಕೇಳ್ರಿ."

"ಅಪೂರ್ವಾಂದು ಪರೀಕ್ಷಾ ಬಂತು. ಸಾಯನ್ಸ್. ಸಂಜಿ ಆರಕ್ಕ ಪುಸ್ತಕ ಹಿಡೀತಾಳ, ಆಗ ನೀಲಮಂದು ಸುರು ಆಗತೈತಿ. ಇನ್ನೊಂದ ಏಟ ಯಾವಾಗ ಬೀಳತೈತಿ ಅಂತ ಕಾಯೂದ ಆಗತೈತಿ, ಓದೂದ ಆಗಂಗಿಲ್ಲ ಅಂತಾಳ. ನಿನ್ನೆ ಅಳಾಕತ್ತಿದ್ದಳು. ನಾ ಎರಡ ವರ್ಷ ಏನರ ಅಂದೀನೇನು?"

"ಅಂದಿಲ್ರಿ."

"ಎರಡ ತಿಂಗಳ ಅಷ್ಟ. ಪರೀಕ್ಷಾ ಮುಗದಿಂದ ಆಕಿ ಡೊಳ್ಳ ಬಡೀಲಿ ಬೇಕಾದ್ರ. ನಾನೂ ಬಂದ ಕುಣೀತೀನಿ."

ಅವರು ನಕ್ಕರು, ನಾನೂ ನಕ್ಕೆ. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಒಳಗೆ ಮಾಳೇಶ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಊಟಕ್ಕೆ ಕೂತಾಗ ಅವರು ರೊಟ್ಟಿ ಮುರಿದು ಹಾಗೇ ಹಿಡಿದುಕೊಂಡರು. "ಕೊಲ್ಲಾಪುರದ ವಸ್ತಿ ಸಾಲಿ ಫಾರ್ಮ್ ತಂದೀನಿ. ಇಂಥಾ ಮಕ್ಕಳನ್ನ ಅಲ್ಲೇ ಇಟ್ಕೊಂಡ ಕಲಸ್ತಾರಂತ. ಏಪ್ರಿಲ್‌ದಾಗ ಹುಡುಗೂರನ್ನ ನೋಡಾಕ ಕರೀತಾರ."

"ಆಕಿಗೆ ಒಂಬತ್ತ ವರ್ಷ."

"ಎಷ್ಟ ವರ್ಷ ಅನ್ನೂದು ನಂಗೂ ಗೊತ್ತೈತಿ."

"ನಾ ಸುಮ್ಮ ಕುಂಡ್ರಸ್ತೀನಿ. ಎರಡ ತಿಂಗಳ ತಾಟ ಬಡೀದಂಗ ನೋಡ್ಕೋತೀನಿ. ಆಕಿ ಸುಮ್ಮಾದ್ರ ಕಳಸಂಗಿಲ್ಲಲ್ಲ?"

ಅವರು ಹಿಡಿದಿದ್ದ ರೊಟ್ಟಿಯ ಚೂರನ್ನು ಕೆಳಗಿಟ್ಟರು. ಅವರೇನು ಕಟುಕರಲ್ಲ. ಅವಳು ಹುಟ್ಟಿದಾಗ ಬೀದಿಗೆಲ್ಲ ಪೇಢೆ ಹಂಚಿದವರು. "ಸುಮ್ಮಾದ್ರ ಕಳಸೂದ ಯಾಕ" ಎಂದರು ಕೊನೆಗೆ.

ಮರುದಿನದಿಂದ ಐದೂವರೆಗೆ ನೀಲಮಳನ್ನು ಒಳಕೋಣೆಗೆ ಕರೆದೊಯ್ದು ಪರದೆ ಎಳೆದು ಚಿಲಕ ಹಾಕತೊಡಗಿದೆ. ತಾಟನ್ನು ಅಡುಗೆಮನೆಯ ಮೇಲಿನ ಕಟ್ಟೆಯಲ್ಲಿ ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟೆ. ಮೊದಲ ದಿನ ಅವಳು ಬಾಗಿಲಿಗೆ ತಲೆ ಚಚ್ಚಿಕೊಂಡಳು. ಬಾಗಿಲಿಗೂ ಅವಳಿಗೂ ನಡುವೆ ನಾನು ಕೂತೆ. ಎರಡನೇ ದಿನ ನನ್ನ ಮುಂಗೈ ಕಚ್ಚಿದಳು. ನಾನು ಕೈ ಎಳೆದುಕೊಳ್ಳಲಿಲ್ಲ. ಎಳೆದುಕೊಂಡರೆ ಕಿರುಚುತ್ತಾಳೆ, ಕಿರುಚಿದರೆ ಪಕ್ಕದ ಮನೆಗೆ ಕೇಳುತ್ತದೆ. ಅವಳನ್ನು ತೊಡೆಯ ಮೇಲೆ ಹಾಕಿಕೊಂಡು, ಮೇಲೆ ಕೌದಿ ಹೊದಿಸಿ, ಹೊರಗೆ ಕತ್ತಲಾಗುವವರೆಗೆ ತೂಗುತ್ತಿದ್ದೆ. ನಾಲ್ಕನೇ ದಿನಕ್ಕೆ ಬಲ ಕಡಿಮೆಯಾಯಿತು. ಹತ್ತನೇ ದಿನ ಬರೀ ನಡುಗಿದಳು.

ಹನ್ನೊಂದನೇ ದಿನ ನಾನು ಬಟ್ಟೆ ಮಡಚುತ್ತಿದ್ದೆ, ಹೊತ್ತು ಗೊತ್ತಾಗಲಿಲ್ಲ. ಗಾಬರಿಯಿಂದ ಎದ್ದು ನೋಡಿದರೆ ಅವಳು ತಾನಾಗಿಯೇ ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಿದ್ದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು. ಅವು ಎದ್ದು ಬಾರದ ಹಾಗೆ.

ಆಮೇಲೆ ಬೆಳಗಿನ ಗುನುಗುವಿಕೆಯೂ ನಿಂತಿತು. ತಲೆ ಬಾಚಿದರೆ ಮೊದಲಿನಂತೆ ಕೊಸರಾಡದೆ ಸುಮ್ಮನೆ ಕೂರುತ್ತಿದ್ದಳು. ಬೇಳೆ ಡಬ್ಬಿಯನ್ನು ಬೇಕೆಂದೇ ಬೇರೆ ಕಡೆ ಇಟ್ಟು ನೋಡಿದೆ. ಅದು ಅಲ್ಲೇ ಉಳಿಯಿತು. ಸೆರಗಿಗೆ ಕೈ ಒರೆಸಲು ಅವಳು ಬರಲಿಲ್ಲ, ಒರೆಸಿಕೊಳ್ಳಲು ಏನೂ ಇರಲಿಲ್ಲವಲ್ಲ. ಮಾಳೇಶ ಫಾರ್ಮನ್ನು ಮಡಚಿ ತಿಜೋರಿಯ ಮೇಲೆ ಇಟ್ಟರು. "ಆತು ನೋಡು. ಬ್ಯಾಡ ಈಗ" ಎಂದರು. ಅವರ ಮುಖದಲ್ಲಿ ಸಮಾಧಾನವಿತ್ತು. ಗೆದ್ದೆ ಎಂದುಕೊಳ್ಳಲು ನಾನೂ ನೋಡಿದೆ. ಕಾಲನಿ ಎಷ್ಟು ಶಾಂತವಾಗಿತ್ತೆಂದರೆ ಸಂಜೆ ಅಪೂರ್ವ ಮೇಲಿನ ಕೋಣೆಯಲ್ಲಿ ಪುಸ್ತಕದ ಹಾಳೆ ತಿರುವಿದ್ದೂ ನನಗೆ ಕೇಳಿದಂತಾಗುತ್ತಿತ್ತು.

ತಿಂಗಳ ಕೊನೆಗೆ ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ ಗೋಡೆಯಾಚೆಯಿಂದ ಮನಿಷಾ ವೈನಿ ಕರೆದರು. ಅವರ ಕಣ್ಣು ಊದಿದ್ದವು.

"ಮಾವಾರು ಸಂಜಿ ಊಟ ಬಿಟ್ಟಾರ್ರಿ. ಹದಿನೈದ ದಿನದ ಮ್ಯಾಲ ಆತು. ಮಧ್ಯಾಹ್ನ ಒಂದೊಪ್ಪತ್ತು ಉಣ್ತಾರ, ಅದೂ ನಾಕ ತುತ್ತು. ಯಾಕ್ರಿ ಅಂದ್ರ ಹಸಿವಿಲ್ಲ ಅಂತಾರ. ಬ್ಯಾನಿ ಏನೂ ಇಲ್ಲಂತ ಡಾಕ್ಟರ್ ಹೇಳ್ಯಾರ. ಇವರು ಹೆದರ್ಯಾರ." ಅವರು ದನಿ ತಗ್ಗಿಸಿದರು. "ನಮ್ಮಾಗ ಹಿರ್ಯಾರು ಹಿಂಗ ಒಂದೊಂದ ಬಿಡಕೋತ ಹೋದ್ರಂದ್ರ ಸಲ್ಲೇಖನ ಹಿಡದಾರೇನೋ ಅಂತ ನಮಗ ಎದಿ ಹಾರತೈತಿ. ನೀವೊಮ್ಮೆ ಬಂದ ಮಾತಾಡಸ್ರಿ. ಹೊರಗಿನವರ ಮುಂದರ ಬಾಯಿ ಬಿಡ್ತಾರೇನೋ."

ಮರುದಿನ ಮಧ್ಯಾಹ್ನ ನೀಲಮ ಮಲಗಿದ್ದಾಗ ನಾಲ್ಕು ಲಿಂಬೆಹಣ್ಣು ತೆಗೆದುಕೊಂಡು ಹೋದೆ. ಜಿನ್ನಪ್ಪಜ್ಜ ಕಿಟಕಿಯ ಹತ್ತಿರ ಕೂತಿದ್ದರು. ಆ ಕಿಟಕಿ ನಮ್ಮ ಹಿತ್ತಿಲ ಕಡೆಗಿದೆ. ಬಿಳಿ ಅಂಗಿಯ ಕೊರಳು ಕುತ್ತಿಗೆಗೆ ದೊಡ್ಡದಾಗಿ ಕಂಡಿತು.

"ಯಾರು?"

"ನಾನ್ರೀ ಅಜ್ಜಾ. ಬಾಜೂ ಮನಿ ಲಗಮವ್ವ."

"ಬಾ ತಂಗಿ. ಖುರ್ಚಿ ಎಲ್ಲೈತೋ ನೀನ ಹುಡಿಕ್ಕೋ. ನನ್ನ ಕೇಳಿದ್ರ ನೆಲದ ಮ್ಯಾಲ ಬೀಳ್ತಿ."

ನಾನು ಕೂತೆ. ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದರು. "ಆ ತಾಟಿನ ಹುಡುಗಿ ಊರಿಗೆ ಹೋಗ್ಯಾಳೇನು?"

"ಇಲ್ರಿ. ಮನ್ಯಾಗ ಅದಾಳ."

"ಆರಾಮ ಅದಾಳ?"

ಹೂಂ ಎನ್ನಲು ಹೊರಟ ಬಾಯಿ ಅರ್ಧಕ್ಕೇ ನಿಂತಿತು. ಅಪೂರ್ವಳ ಪರೀಕ್ಷೆಯ ವಿಷಯ ಹೇಳಿದೆ. ನಾನೇ ಸುಮ್ಮನಾಗಿಸಿದ್ದೇನೆ ಎಂದೆ. ಅಜ್ಜ ತಲೆ ಅಲ್ಲಾಡಿಸುತ್ತ ಕೇಳಿದರು. ಆಮೇಲೆ ಲಿಂಬೆಹಣ್ಣೊಂದನ್ನು ಕೈಯಲ್ಲಿ ತಿರುಗಿಸುತ್ತ ಕೂತರು.

"ಇಪ್ಪತ್ತೆರಡನೇ ವರ್ಷಕ್ಕ ಮುನಿಗಳ ಮುಂದ ನೇಮ ತಗೊಂಡೆ, ಹೊತ್ತ ಮುಣಗಿದ ಮ್ಯಾಲ ಅನ್ನ ಇಲ್ಲ, ನೀರಿಲ್ಲ ಅಂತ. ಅರವತ್ತ ವರ್ಷ ಆತು. ಲಗ್ನದಾಗ ತಪ್ಪಿಲ್ಲ, ಊರೂರ ತಿರಗಿ ಹತ್ತಿ ಯಾಪಾರ ಮಾಡುವಾಗ ತಪ್ಪಿಲ್ಲ. ಕಣ್ಣ ಇತ್ತು, ನೋಡ್ತಿದ್ದೆ. ಕಣ್ಣ ಹೋತು. ಆಮ್ಯಾಗ ನಿನ್ನ ಮಗಳ ತಾಟ ಬಂತು."

ನಾನು ಖುರ್ಚಿಯನ್ನು ಅವರ ಹತ್ತಿರ ಎಳೆದುಕೊಂಡೆ.

"ಮೊದಲನೇ ಏಟಿಗೆ ಕೈ ತೊಳಕೊಂಡ ಊಟಕ್ಕ ಕುಂಡ್ರತಿದ್ದೆ. ಏಟ ಜೋರಾಗೂದ್ರಾಗ ಮುಗಸ್ತಿದ್ದೆ. ನಿಂತಕೂಡ್ಲೆ ಬಾಯಿ ಮುಕ್ಕಳಿಸಿ ಕೈ ಮುಗೀತಿದ್ದೆ. ಎರಡ ವರ್ಷ ಒಂದ ದಿನ ಆಕಿ ತಪ್ಪಿಲ್ಲ. ಬೇಕಾದ್ರ ಕ್ಯಾಲೆಂಡರದಾಗಿನ ಹೊತ್ತಿಗೆ ಹಚ್ಚಿ ನೋಡು." ಅವರು ಉಸಿರೆಳೆದುಕೊಂಡರು. "ತಾಟ ನಿಂತ ದಿನ ಸೊಸಿ ಊಟ ಮುಚ್ಚಿಟ್ಟ ಮಾಳಗಿ ಮ್ಯಾಲ ಹೋಗಿದ್ದಳು. ನಾ ಏಟಿನ ದಾರಿ ಕಾಯಕೋತ ಕುಂತೆ. ಕೇಳಲಿಲ್ಲ. ಹೊತ್ತ ಇನ್ನೂ ಮ್ಯಾಲೈತಿ ಅನ್ಕೊಂಡೆ. ಭಾಳ ಹೊತ್ತಾತು. ಹಸಿವಿ ಆತು, ಆಕಿಗೆ ಆರಾಮ ಇರಾಕಿಲ್ಲ ಬಿಡು ಅಂತ ಊಟಕ್ಕ ಕೈ ಹಾಕಿದೆ. ಅರ್ಧಾ ಉಂಡಿದ್ದೆ. ಅಪೂರ್ವಾ ಬಂದು, ಅಜ್ಜಾ, ಕತ್ತಲ್ದಾಗ ಕುಂತ ಉಣ್ಣಾಕತ್ತೀರಲ್ಲ, ದೀಪ ಹಚ್ಚಲೇನು ಅಂದ್ಳು."

ಲಿಂಬೆಹಣ್ಣು ಅವರ ಕೈಯಲ್ಲಿ ನಿಂತಿತ್ತು.

"ಹುಡುಗಿಗೆ ತಿಳೀಲಿಲ್ಲ ತಾ ಏನ ಅಂದೆ ಅಂತ. ನಾನೂ ಹೇಳಲಿಲ್ಲ. ಒಂದ ದಿನ ಉಪವಾಸ ಮಾಡಿ ಪ್ರಾಯಶ್ಚಿತ್ತ ಮಾಡ್ಕೊಂಡೆ. ಸಂಜಿ ಊಟನ ಬಿಟ್ಟೆ. ಗೊತ್ತಿಲ್ಲದ ಹೊತ್ತಿನ್ಯಾಗ ಉಣ್ಣೂಕಿಂತ ಉಣದಿರೂದ ಚಲೋ."

"ಅಜ್ಜಾ, ಮನಿಷಾ ವೈನಿನ್ನ ಕೇಳಿದ್ರ ಹೇಳ್ತಾರಲ್ರಿ. ಗಡಿಯಾರ ನೋಡಿ ಹೇಳ್ತಾರ."

ಅಜ್ಜ ನಕ್ಕರು. ಆ ನಗುವಿನಲ್ಲಿ ಸೊಸೆಯ ಮೇಲೆ ಮುನಿಸಿರಲಿಲ್ಲ. "ಹೇಳ್ತಾಳ. ಮಾವ ಹಸದಾನ ಅಂತ, ಮುಣಗಿ ಐದ ಮಿನಿಟ ಆದ್ರೂ 'ಇನ್ನೂ ಐತ್ರಿ, ಉಣ್ರಿ' ಅಂತಾಳ. ನನ್ನ ಮಗನೂ ಹಂಗ ಅಂತಾನ. ಪ್ರೀತಿ ಇದ್ದವರು ಸುಳ್ಳ ಹೇಳ್ತಾರ ತಂಗಿ. ನಿನ್ನ ಮಗಳಿಗೆ ಸುಳ್ಳ ಬರೂದಿಲ್ಲ. ಅದಕ ಆಕಿನ್ನ ನಂಬಿದ್ದೆ. ಇದನ್ನ ಸೊಸಿ ಮುಂದ ಆಡಬ್ಯಾಡ. ಆಕಿ ನೊಂದ್ಕೋತಾಳ."

ಮನೆಗೆ ಬಂದು ನಲ್ಲಿಯ ಕೆಳಗೆ ಕೈ ಹಿಡಿದು ಸುಮ್ಮನೆ ನಿಂತೆ. ಎಷ್ಟು ನೀರು ಹರಿದು ಹೋಯಿತೋ.

ಆ ಸಂಜೆ ಕಟ್ಟೆಯ ಮೇಲಿಂದ ತಾಟು ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ. ಒಳಕೋಣೆಯ ಚಿಲಕ ತೆಗೆದು, ಪರದೆ ಸರಿಸಿ, ಹಿತ್ತಿಲ ಬಾಗಿಲನ್ನು ಪೂರ್ತಿ ತೆರೆದೆ. ಐದೂವರೆಗೆ ನೀಲಮ ಎದ್ದು ಒಳಕೋಣೆಗೆ ಹೋಗಿ ಗೋಡೆಗೆ ಮುಖ ಮಾಡಿ ಕೂತಳು. ತಾಟನ್ನು ಅವಳ ಮುಂದಿಟ್ಟೆ. ಚಮಚವನ್ನು ಕೈಗೆ ಕೊಡಲು ನೋಡಿದೆ. ಕೈಗಳು ತೊಡೆಯ ಕೆಳಗಿಂದ ಹೊರಗೆ ಬರಲಿಲ್ಲ. "ಬಾ ನನ್ನವ್ವಾ, ಬಡಿ" ಎಂದೆ. ಮೂರು ವಾರ ಬೇಡವೆಂದ ಬಾಯಿಯೇ ಈಗ ಬಾ ಎನ್ನುತ್ತಿತ್ತು. ಅವಳು ಯಾವುದನ್ನು ನಂಬಬೇಕು?

ಸೂರ್ಯ ಟಾಕಿಯ ಎತ್ತರಕ್ಕೆ ಇಳಿದಿದ್ದ. ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ನಾನೇ ಬಡಿದೆ. ಒಂದು ಏಟು. ತಡೆದು ಇನ್ನೊಂದು. ಇನ್ನೊಂದು ಬದಿಯ ಮನೆಯ ಮಹಡಿಯಲ್ಲಿ ಬಟ್ಟೆ ತೆಗೆಯುತ್ತಿದ್ದವರು ತಿರುಗಿ ನೋಡಿದರು. ಮೂವತ್ತು ದಾಟಿದ ಹೆಂಗಸು ತಾಟು ಬಡಿಯುತ್ತ ಕೂತಿದ್ದಾಳೆ. ನಾಚಿಕೆಯಾಯಿತು, ಆದರೂ ಬಡಿದೆ. ಅಜ್ಜನ ಕಿಟಕಿ ತೆರೆದಿತ್ತು.

ಮರುದಿನ ಅಜ್ಜ ಹೇಳಿಕಳಿಸಿದರೆಂದು ಅಪೂರ್ವ ಕರೆಯಲು ಬಂದಳು. ಹೋದೆ.

"ನಿನ್ನೆ ನೀ ಬಡದಿ" ಎಂದರು ಅಜ್ಜ.

"ಹೌದ್ರಿ."

"ನಾ ಉಣ್ಣಲಿಲ್ಲ. ಬರೀ ಕೇಳಕೋತ ಕುಂತೆ. ಮುಣಗಿದ ಮ್ಯಾಲೂ ಬಡದಿ ನೀ. ಗಾಳಿ ತಣ್ಣಗಾಗಿತ್ತು, ಹಕ್ಕಿ ಸುಮ್ಮಾಗಿದ್ದವು, ಆದ್ರೂ ನಿನ್ನ ಕೈ ನಿಂದ್ರಲಿಲ್ಲ."

ಅವರು ಹೇಳಿದ್ದು ನಿಜ. ಕೆಂಪು ಅಂಚು ಅಡಗಿದ ಮೇಲೂ ನಾನು ಬಡಿದಿದ್ದೆ. ಮುದುಕರು, ನಿಧಾನವಾಗಿ ಅಗಿಯುತ್ತಾರೆ, ಇನ್ನೊಂದಿಷ್ಟು ಹೊತ್ತಿರಲಿ ಎಂದು.

"ಅದು ತಾಯಿ ಕೈ" ಎಂದರು ಅಜ್ಜ. "ಇನ್ನೊಂದ ತುತ್ತ ಉಣ್ಣಲಿ ಅಂತೈತಿ. ನೀನೂ ಸೊಸಿ ಇದ್ದಂಗ. ಬಿಡವ್ವ, ತ್ರಾಸ ತಗೋಬ್ಯಾಡ."

ಅವರು ಬೇಡವೆಂದಿದ್ದರೂ ಅವತ್ತು ನಾನು ಮನಿಷಾ ವೈನಿಗೆ ಎಲ್ಲವನ್ನೂ ಹೇಳಿದೆ. ಹಿತ್ತಿಲ ಗೋಡೆಯ ಆಚೆ ಅವರು, ಈಚೆ ನಾನು. ಅವರು ಗೋಡೆಯ ಮೇಲಿನ ಸಿಮೆಂಟಿನ ಪುಡಿಯನ್ನು ಬೆರಳಿನಿಂದ ಉಜ್ಜುತ್ತ ಕೇಳಿದರು. ಮುಗಿದ ಮೇಲೂ ಉಜ್ಜುತ್ತಲೇ ಇದ್ದರು.

"ಇಪ್ಪತ್ತ ವರ್ಷ ಆತು ನಾ ಆ ಮನ್ಯಾಗ ಬಂದು. ನನ್ನ ಒಂದ ಮಾತ ಕೇಳಬಾರದಿತ್ತೇನ್ರಿ ಅವರು?"

"ಕೇಳಿದ್ರ ನೀವ ಇನ್ನೂ ಐತ್ರಿ, ಉಣ್ರಿ ಅಂತಿದ್ರಿ."

ಅವರು ತಲೆ ಎತ್ತಿದರು. "ಅಂತಿದ್ದೆ" ಎಂದರು. ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಮೂಗು ಒರೆಸಿಕೊಂಡರು. "ನಾನ ಬಂದ ಗೇಟಿನ್ಯಾಗ ನಿಂತ ಬ್ಯಾಡ ಅಂದೆ. ನಾನ ಬಡಸ್ರಿ ಅಂತೀನಿ ಈಗ. ಅಪೂರ್ವಾ ಮುಂದಿನ ಖೋಲ್ಯಾಗ ಓದ್ತಾಳ. ಕಿವ್ಯಾಗ ಹತ್ತಿ ಇಟ್ಕೋತಾಳ. ಆಕಿ ಹುಡುಗಿ ಅದಾಳ, ತಿಳೀತೈತಿ ಆಕಿಗೆ."

"ನನ್ನ ಮಗಳಿಗೆ ತಿಳಿಯೂದಿಲ್ಲ ವೈನಿ" ಎಂದೆ. "ಆಕಿ ಬಡಿಯೂದ ಮರತಾಳ. ನಾನ ಮರಸೀನಿ."

ಅವರು ಬೆರಳಿಗೆ ಹತ್ತಿದ ಸಿಮೆಂಟಿನ ಪುಡಿಯನ್ನು ಸೆರಗಿಗೆ ಒರೆಸಿಕೊಂಡರು.

ಮಾಳೇಶರಿಗೆ ಹೇಳಿದಾಗ ಅವರು ಮೊದಲು ತಿಜೋರಿಯ ಮೇಲೆ ನೋಡಿದರು. "ಮತ್ತ ಗದ್ದಲ ಸುರು ಆದ್ರ ಮಂದಿ ಏನಂತಾರ? ಮನಿಷಾ ವೈನಿ ಒಬ್ಬರ ಇಲ್ಲ ಈ ಕಾಲನ್ಯಾಗ."

"ಅನ್ನಲಿ. ನೀವ ಆಕಿ ಮಾರಿ ನೋಡೀರಿಲ್ಲೋ ಈ ವಾರ? ಆಕಿ ಸುಮ್ಮಾಗಿಲ್ಲ. ಆಕಿ ಇಲ್ಲೇ ಇಲ್ಲ. ಕೊಲ್ಲಾಪುರಕ್ಕ ಕಳಸೂದ ಬ್ಯಾಡ ಅಂತ ನಾ ಮನ್ಯಾಗ ಇಟ್ಕೊಂಡ ಕಳಿಸಿಬಿಟ್ಟೀನಿ."

ಅವರು ಎದ್ದು ಒಳಕೋಣೆಯ ಬಾಗಿಲಲ್ಲಿ ನಿಂತು ಮಗಳ ಬೆನ್ನು ನೋಡಿದರು. ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ದಿನಾ ಸಂಜೆ ನಾನು ಮೆಟ್ಟಿಲ ಮೇಲೆ ಕೂತು ಬಡಿಯತೊಡಗಿದೆ. ಅಜ್ಜ ಉಣ್ಣುವುದಿಲ್ಲವೆಂದು ಗೊತ್ತಿತ್ತು. ಬಡಿದದ್ದು ಗೋಡೆಗೆ ಮುಖ ಮಾಡಿದವಳಿಗೆ ಕೇಳಲೆಂದು. ಕಾಲನಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದರಂತೆ, ಏನಿದು ಹೊಸ ಪೂಜೆ ಎಂದು. ನಮ್ಮ ಅಜ್ಜಾರದು ಎಂದು ಮನಿಷಾ ವೈನಿ ಉತ್ತರ ಬರೆದರಂತೆ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಹಿಂದಿನ ಹೊಲದ ಕಬ್ಬು ಕಡಿದು ಟ್ರ್ಯಾಕ್ಟರುಗಳಲ್ಲಿ ತುಂಬಿಕೊಂಡು ಹೋದರು. ಬಯಲು ತೆರೆದುಕೊಂಡಿತು. ಸೂರ್ಯ ಈಗ ನೆಲದ ತನಕ ಕಾಣಿಸುತ್ತಿದ್ದ. ನನ್ನ ಲೆಕ್ಕ ಇನ್ನೂ ತಪ್ಪುತ್ತಿತ್ತು.

ಜಿನ್ನಪ್ಪಜ್ಜ ಒಂದು ದಿನ ಸ್ನಾನದ ಮನೆಗೆ ಹೋಗುವಾಗ ತಲೆ ತಿರುಗಿ ಕುಸಿದರು. ಪೆಟ್ಟೇನೂ ಆಗಲಿಲ್ಲ. ವೃಷಭ ಅವರು ಎರಡು ದಿನ ಅಂಗಡಿ ಮುಚ್ಚಿ ಮನೆಯಲ್ಲಿದ್ದರು. ಗೋಡೆಯಾಚೆ ಮಗ ಬೇಡಿಕೊಳ್ಳುವ ದನಿ, ಅಪ್ಪ ಬೇಡವೆನ್ನುವ ದನಿ ಎರಡೂ ಕೇಳುತ್ತಿದ್ದವು. ಜಗಳ ಎನ್ನುವಂಥದ್ದೇನಲ್ಲ. ಅಷ್ಟು ಮೆಲ್ಲಗೆ ಮಾತಾಡಿದರೂ ಇಲ್ಲಿ ಕೇಳುತ್ತದೆ.

ಒಂಬತ್ತನೇ ಸಂಜೆ ಇರಬೇಕು. ಮಾಳೇಶ ಬೇಗ ಬಂದಿದ್ದರು, ಹಿತ್ತಿಲ ಬಾಗಿಲಿಗೆ ಒರಗಿ ನಿಂತಿದ್ದರು. ನಾನು ಬಡಿಯುತ್ತಿದ್ದೆ. ಸೂರ್ಯ ಬಯಲಿನ ಅಂಚಿಗೆ ತಾಗಿದ, ಅರ್ಧವಾದ, ಒಂದು ಗೆರೆಯಾದ. ಅಜ್ಜ ಕುಸಿದದ್ದೇ ನನ್ನ ತಲೆಯಲ್ಲಿತ್ತು. ಗೆರೆಯೂ ಹೋಯಿತು. ಕೈ ನಿಲ್ಲಿಸಬೇಕೆಂದುಕೊಂಡೆ, ಇನ್ನೊಂದೇ ಎಂದು ಬಡಿದೆ, ಮತ್ತೊಂದಕ್ಕೆ ಚಮಚ ಎತ್ತಿದೆ.

ತಾಟಿನ ಮೇಲೆ ಒಂದು ಅಂಗೈ ಬಂದು ಕೂತಿತು.

ಸಣ್ಣ ಅಂಗೈ, ಬೆರಳುಗಳನ್ನು ಪೂರ್ತಿ ಅಗಲಿಸಿತ್ತು. ತಾಟಿನೊಳಗೆ ಉಳಿದಿದ್ದ ನಾದ ಅದರ ಕೆಳಗೆ ಸತ್ತಿತು. ನೀಲಮ ನನ್ನ ಮುಖ ನೋಡುತ್ತಿರಲಿಲ್ಲ, ಬಯಲನ್ನು ನೋಡುತ್ತಿದ್ದಳು. ಅವಳ ಹುಬ್ಬು ಗಂಟಿಕ್ಕಿತ್ತು, ಬೇಳೆ ಡಬ್ಬಿ ಜಾಗ ಬಿಟ್ಟಾಗ ಗಂಟಿಕ್ಕುತ್ತಿದ್ದ ಹಾಗೆಯೇ. ನನ್ನ ಕೈಯಿಂದ ಚಮಚ ಕಿತ್ತುಕೊಂಡಳು. ತಾಟನ್ನು ಎಳೆದುಕೊಂಡು ನಲ್ಲಿಯ ಹತ್ತಿರ ಹೋಗಿ ತೊಳೆದಳು, ಬೋರಲು ಹಾಕಿದಳು. ಬಂದು ನನ್ನ ಸೆರಗು ಹಿಡಿದು ಒಂದೊಂದೇ ಬೆರಳು ಒರೆಸಿಕೊಂಡಳು. ನಾನು ಅಲುಗಾಡಲಿಲ್ಲ. ಅತ್ತರೆ ಅವಳು ಹೆದರುತ್ತಾಳೆಂದು ಅಳಲೂ ಇಲ್ಲ.

ಕಿಟಕಿಯಿಂದ ಅಜ್ಜನ ದನಿ ಬಂತು. "ತಂಗಿ, ಈಗ ನಿಂದ್ರಸಿದ್ದು ಯಾರು?"

"ಆಕಿರೀ ಅಜ್ಜಾ."

"ಗೊತ್ತಾತು" ಎಂದರು ಅವರು. "ನಾಳೆ ನೋಡೂಣು."

ಮರುದಿನ ಐದೂವರೆಗೆ ನಾನು ಏನೂ ಮಾಡಲಿಲ್ಲ. ತಾಟನ್ನು ಮೆಟ್ಟಿಲ ಮೇಲೆ ಇಟ್ಟು ಅಡುಗೆಮನೆಯಲ್ಲಿ ಹಿಟ್ಟು ನಾದುತ್ತ ನಿಂತೆ. ಕಿವಿ ಮಾತ್ರ ಹಿತ್ತಿಲಲ್ಲಿತ್ತು. ಒಳಕೋಣೆಯಲ್ಲಿ ಸದ್ದಿಲ್ಲ. ಐದು ಮುಕ್ಕಾಲು. ಹಿಟ್ಟು ಹದವಾಗಿ ಮುಗಿದರೂ ನಾದುತ್ತಲೇ ಇದ್ದೆ. ಪಕ್ಕದ ಮನೆಯಲ್ಲಿ ಯಾರೋ ಖುರ್ಚಿ ಸರಿಸಿದರು. ಆರು. ಬರಿಗಾಲು ನೆಲಕ್ಕೆ ತಾಗುವ ಸದ್ದು ನನ್ನ ಹಿಂದಿನಿಂದ ಹಾದು ಹೋಯಿತು. ನಾನು ತಿರುಗಲಿಲ್ಲ.

ಬಹಳ ಹೊತ್ತಾದ ಮೇಲೆ ಒಂದು ಏಟು ಬಿತ್ತು.

ಮಾಳೇಶ ಹೊರಕೋಣೆಯಿಂದ ಎದ್ದು ಬಂದರು. ಊರಲ್ಲಿ ಉಣ್ಣೆ ನೂಲುತ್ತ ರೇಡಿಯೋ ಕೇಳುವ ನನ್ನ ಮಾವನ ಹಾಗೆ ಒಂದು ಕಿವಿ ಬಾಗಿಸಿ ನಿಂತರು. ಗೋಡೆಯಾಚೆ ತಂಬಿಗೆಯಿಂದ ನೀರು ಬಗ್ಗಿಸಿ ಕೈ ತೊಳೆಯುವ ಸದ್ದಾಯಿತು. ಆಮೇಲೆ ಮನಿಷಾ ವೈನಿ ಮೆಲ್ಲಗೆ, "ರೊಟ್ಟಿ ಬಿಸಿ ಐತ್ರಿ ಮಾವಾರ, ಮುರದ ಕೊಡಲೇನು" ಎಂದರು.

"ಕೊಡು."

ಎರಡನೇ ಏಟು ಬಿತ್ತು. ಮಾಳೇಶ ಹಿಟ್ಟಿನ ಪರಾತವನ್ನು ನನ್ನ ಕೈಯಿಂದ ತೆಗೆದು ಬದಿಗಿಟ್ಟರು. "ನಾದಿದ್ದ ಸಾಕು" ಎಂದರು. ತುಸು ತಡೆದು, "ಏಪ್ರಿಲ್‌ದಾಗ ನಾ ರಜಾ ಹಾಕೂದಿಲ್ಲ. ಕೊಲ್ಲಾಪುರದ ಕೆಲಸ ಇಲ್ಲ ನಮಗ" ಎಂದರು.

ನಾನು ಬಾಗಿಲಿಗೆ ಬಂದು ನಿಂತೆ. ನೀಲಮ ಬಯಲಿಗೆ ಮುಖ ಮಾಡಿ ಕೂತಿದ್ದಳು. ಏಟುಗಳು ಹತ್ತಿರವಾಗುತ್ತಿದ್ದವು. ಕಾಲನಿಯ ಉಳಿದ ಗೇಟುಗಳೆಲ್ಲ ಎಂದಿನಂತೆ ಮುಚ್ಚಿದ್ದವು. ಸೂರ್ಯ ಗೆರೆಯಾದ, ಗೆರೆಯೂ ಹೋಯಿತು, ಅವಳ ಕೈ ನಿಂತಿತು. ಒಂದು ಏಟು ಹೆಚ್ಚಿಲ್ಲ.

ಗೋಡೆಯಾಚೆ ಅಜ್ಜ ಬಾಯಿ ಮುಕ್ಕಳಿಸಿದರು.